ಬೊಜ್ಜು ಮತ್ತು ರಾಷ್ಟ್ರರಕ್ಷಣೆ

ಒಂದು ದೇಶದ ಭದ್ರತೆಗೆ ಅಪಾಯ ಒದಗುವುದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ, ಗಡಿಯಾಚೆಯ ಶತ್ರುವಿನಿಂದ, ಅವನ ಫಿರಂಗಿ ವಿಮಾನಗಳಿಂದ ಎಂದು ನಾವು ಥಟ್ಟನೆ ಉತ್ತರ ಕೊಡುತ್ತೇವೆ. ಆದರೆ 2010ನೆಯ ಇಸವಿಯಲ್ಲಿ ಅಮೇರಿಕೆಯ ನಿವೃತ್ತ ಸೇನಾಪತಿಗಳ ಸಂಘವೊಂದು ಪ್ರಕಟಿಸಿದ ವರದಿಯು ಬೇರೊಂದು ಅಪಾಯದ ಕಡೆಗೆ ಬೆರಳು ತೋರಿಸಿತು. ‘ಹೋರಾಡಲಾರದಷ್ಟು ದಪ್ಪ’ ಎಂಬುದು ಆ ವರದಿಯ ಹೆಸರಿನ ಅರ್ಥ. 17ರಿಂದ 24 ವರ್ಷ ವಯಸ್ಸಿನ ಅಮೇರಿಕನ್ ತರುಣ ತರುಣಿಯರಲ್ಲಿ ನೂರಕ್ಕೆ 27 ಮಂದಿ ಕೇವಲ ಮೈತೂಕದ ದೃಷ್ಟಿಯಿಂದಲೇ ಸೇನೆಗೆ ಸೇರಲು ಅನರ್ಹರು ಎಂದು ಅದರಲ್ಲಿ ಹೇಳಲಾಗಿತ್ತು. ಯುದ್ಧರಂಗದಲ್ಲಿ ಕಾಲ ಕಳೆದ ಹಿರಿಯರು ಊಟದ ತಟ್ಟೆಯ ವಿಷಯದಲ್ಲಿ ಕಳವಳಗೊಂಡುದನ್ನು ಕಂಡು ಜಗತ್ತು ಬೆರಗಾಯಿತು. ಅವರ ಕಳವಳವು ಎಷ್ಟರಮಟ್ಟಿಗೆ ನಿಜ? ಬೊಜ್ಜು ಒಂದು ರಾಷ್ಟ್ರದ ರಕ್ಷಣೆಗೇ ಕುಂದು ತರಬಲ್ಲುದೇ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಬೊಜ್ಜು ಎಂದರೇನೆಂಬುದನ್ನು ತಿಳಿಯಬೇಕು. ನಾವು ಉಂಡ ಆಹಾರದಿಂದ ದೇಹಕ್ಕೆ ಶಕ್ತಿ ದೊರೆಯುತ್ತದೆ. ವ್ಯಯವಾಗದೆ ಉಳಿದ ಶಕ್ತಿಯನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಜಾಣ ಗೃಹಿಣಿ ಬರಗಾಲಕ್ಕೆಂದು ಕಣಜದಲ್ಲಿ ಕಾಳು ಕೂಡಿಡುವಂತೆಯೇ ಇದೂ ಒಂದು ಮುಂದಾಲೋಚನೆ. ಆದರೆ ಬರಗಾಲವೇ ಬಾರದೆ, ಕಣಜಕ್ಕೆ ದಿನದಿನವೂ ಕಾಳು ಸುರಿಯುತ್ತಲೇ ಹೋದರೆ ಮನೆಯಲ್ಲಿ ಓಡಾಡಲು ಸ್ಥಳವೇ ಉಳಿಯದು. ದೇಹದ ಸ್ಥಿತಿಯೂ ಹಾಗೆಯೇ. ವಯಸ್ಕರಲ್ಲಿ ಇದನ್ನು ಅಳೆಯಲು ವೈದ್ಯರು ಒಂದು ಸರಳ ಲೆಕ್ಕವನ್ನು ಬಳಸುತ್ತಾರೆ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 160 ಸೆಂಟಿಮೀಟರ್ ಎತ್ತರದವನು 64 ಕಿಲೋ ತೂಗಿದರೆ ಅವನ ಸೂಚ್ಯಂಕ 25 ಆಗುತ್ತದೆ. 25ಕ್ಕೆ ಮೇಲ್ಪಟ್ಟರೆ ಅಧಿಕ ತೂಕ, 30ಕ್ಕೆ ಮೇಲ್ಪಟ್ಟರೆ ಬೊಜ್ಜು ಎಂಬುದು ಜಾಗತಿಕ ಮಾನದಂಡ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ, ಹೃದ್ರೋಗಗಳು ತಲೆದೋರುವುದರಿಂದ, ನಮ್ಮ ವೈದ್ಯರು 23 ಮತ್ತು 25 ಎಂಬ ಇನ್ನೂ ಕಟ್ಟುನಿಟ್ಟಾದ ಎಲ್ಲೆಗಳನ್ನು ಸೂಚಿಸಿದ್ದಾರೆ. ಬೆಳೆಯುವ ಮಕ್ಕಳಿಗೆ ಈ ಅಂಕಿಗಳು ಸಲ್ಲುವುದಿಲ್ಲ. ಅವರಿಗೆ ವಯಸ್ಸಿಗನುಗುಣವಾದ ಬೇರೆ ಪಟ್ಟಿಗಳುಂಟು.

ಈ ಲೆಕ್ಕವು ದೋಷರಹಿತವೇನಲ್ಲ. ಗರಡಿಯಲ್ಲಿ ಸಾಮು ಮಾಡಿ ಮೈ ಬೆಳೆಸಿದ ಪೈಲ್ವಾನನ ಸ್ನಾಯುವಿನ ಭಾರವನ್ನೂ ಅದು ಕೊಬ್ಬೆಂದೇ ಎಣಿಸಿಬಿಡುತ್ತದೆ. ಆದಕಾರಣ ಅಮೇರಿಕೆಯ ಭೂಸೇನೆಯಲ್ಲಿ, ಎತ್ತರಕ್ಕೆ ತಕ್ಕ ತೂಕವನ್ನು ಮೀರಿದವರ ಸುತ್ತಳತೆಯನ್ನು ಅಳತೆಪಟ್ಟಿಯಿಂದ ಅಳೆದು, ದೇಹದಲ್ಲಿ ಕೊಬ್ಬಿನ ಪಾಲೆಷ್ಟೆಂದು ಅಂದಾಜು ಮಾಡುವ ಪದ್ಧತಿ ಬೆಳೆದುಬಂದಿತು.

ಸೈನ್ಯಕ್ಕೆ ಈ ವಿಷಯದಲ್ಲಿ ಇಷ್ಟೊಂದು ಆಸ್ಥೆಯೇಕೆ? ಸೈನಿಕನು ಕೋವಿ, ಮದ್ದುಗುಂಡು, ನೀರು, ಕವಚ ಮೊದಲಾದವನ್ನು ಹೊತ್ತು ಗಾವುದಗಟ್ಟಲೆ ನಡೆಯಬೇಕಾಗುತ್ತದೆ. ಈ ಹೊರೆ ಎಷ್ಟೋ ವೇಳೆ 30 ಕಿಲೋಗ್ರಾಮನ್ನು ಮೀರುತ್ತದೆ. ದೇಹದಲ್ಲಿಯೇ 20 ಕಿಲೋ ಅನಗತ್ಯ ಭಾರವಿದ್ದವನು ಮೂಟೆಯ ಮೇಲೆ ಮೂಟೆ ಹೊತ್ತಂತಾಗುತ್ತದೆ. ಮೊಣಕಾಲು, ಹಿಮ್ಮಡಿ, ಬೆನ್ನುಮೂಳೆಗಳು ಈ ಭಾರಕ್ಕೆ ಬೇಗನೆ ಸೋಲುತ್ತವೆ. ಚರ್ಮದಡಿಯ ಕೊಬ್ಬು ಕಂಬಳಿಯಂತೆ ಒಳಗಿನ ಶಾಖವನ್ನು ಹಿಡಿದಿಡುವುದರಿಂದ, ಬಿಸಿಲಿನಲ್ಲಿ ಓಡುವಾಗ ಮೂರ್ಛೆ ಹೋಗುವ ಸಂಭವವೂ ಹೆಚ್ಚು. ತರಬೇತಿಯ ಮೊದಲ ವಾರಗಳಲ್ಲಿಯೇ ಮೂಳೆ ಬಿರುಕು ಬಿಟ್ಟು ಹಾಸಿಗೆ ಹಿಡಿದವನಿಂದ ಅವನಿಗೂ ಕಷ್ಟ, ಸೇನೆಗೂ ನಷ್ಟ. ಸಾಲಿನಲ್ಲಿ ಒಬ್ಬನು ಹಿಂದೆ ಬಿದ್ದರೆ, ಅವನನ್ನು ಕಾಯುವ ಹೊಣೆ ಜೊತೆಯವರ ಮೇಲೆ ಬೀಳುತ್ತದೆ.

ಇನ್ನು ಸಂಖ್ಯೆಗಳ ಕಡೆಗೆ ಬರೋಣ. 1960ರ ದಶಕದ ಆರಂಭದಲ್ಲಿ ಅಮೇರಿಕೆಯ ವಯಸ್ಕರಲ್ಲಿ ಬೊಜ್ಜುಳ್ಳವರು ನೂರಕ್ಕೆ ಸುಮಾರು 13 ಮಂದಿ ಮಾತ್ರ. ಇತ್ತೀಚಿನ ಗಣನೆಗಳಲ್ಲಿ ಅದು ನೂರಕ್ಕೆ ಸುಮಾರು 40ಕ್ಕೆ ಏರಿದೆ. 2020ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ನಡೆಸಿದ ಅಧ್ಯಯನದ ಪ್ರಕಾರ, ವಿಶೇಷ ವಿನಾಯಿತಿಯಿಲ್ಲದೆ ಸೇನೆಗೆ ಸೇರಲು ನೂರಕ್ಕೆ 77 ತರುಣರು ಅನರ್ಹರು. ಎರಡು ವರ್ಷಗಳ ತರುವಾಯ, 2022ರಲ್ಲಿ, ಭೂಸೇನೆಯು 60,000 ಜನರನ್ನು ಸೇರಿಸಿಕೊಳ್ಳಬೇಕೆಂದು ಹೊರಟು ಸುಮಾರು 15,000ದಷ್ಟು ಕೊರತೆ ಅನುಭವಿಸಿತು. ನಾಲ್ಕರಲ್ಲಿ ಒಂದು ಸ್ಥಾನ ಬರಿದಾಗಿ ಉಳಿಯಿತು. ಈ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರು, ಬೊಜ್ಜೇ ಸೇನೆಯನ್ನು ಬರಿದುಮಾಡಿತೆಂದು ಉದ್ಗರಿಸಿದುದು ಸಹಜವೇ ಆಗಿದೆ.

ಆದರೆ ಸಹಜವಾಗಿ ತೋರುವುದೆಲ್ಲವೂ ಸತ್ಯವಾಗಿರಬೇಕೆಂದಿಲ್ಲ. ಆ 77 ಮಂದಿಯಲ್ಲಿ ಅನೇಕರಿಗೆ ಒಂದಕ್ಕಿಂತ ಹೆಚ್ಚು ಅಡ್ಡಿಗಳಿದ್ದುವು: ದೇಹದ ಬೇರೆ ಕಾಯಿಲೆಗಳು, ಮನೋವ್ಯಾಧಿ, ಮಾದಕ ವಸ್ತುಗಳ ಸೇವನೆ, ಅಪರಾಧದ ದಾಖಲೆ, ವಿದ್ಯಾಭ್ಯಾಸದ ಕೊರತೆ. ಕೇವಲ ಅಧಿಕ ತೂಕವೊಂದರಿಂದಲೇ ಅನರ್ಹರಾದವರು ನೂರಕ್ಕೆ 11 ಮಂದಿ. ಒಂಟಿ ಕಾರಣಗಳಲ್ಲಿ ಇದೇ ದೊಡ್ಡದು; ಆದರೂ ಇದೊಂದೇ ಕಾರಣವಲ್ಲ. ಅಲ್ಲದೆ ಆ ಕಾಲದಲ್ಲಿ ಸೇನೆಗೆ ಸೇರುವ ಒಲವು ತೋರಿದವರೇ ನೂರಕ್ಕೆ 9 ಮಂದಿ. ಊರಿನಲ್ಲಿ ಕೆಲಸಗಳು ಸುಲಭವಾಗಿ ದೊರೆಯುತ್ತಿದ್ದುವು. ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದಾಗ ಭರ್ತಿಯ ಅಧಿಕಾರಿಗಳು ವಿದ್ಯಾರ್ಥಿಗಳನ್ನು ಕಾಣಲಾಗಿರಲಿಲ್ಲ. 2023ರಲ್ಲಿಯೂ ಕೊರತೆಯುಂಟಾಯಿತು. ಮುಂದೆ 2024ರಲ್ಲಿ 55,000 ಎಂಬ ಇಳಿಸಿದ ಗುರಿಯನ್ನೂ, 2025ರಲ್ಲಿ 61,000 ಎಂಬ ಗುರಿಯನ್ನೂ ಭೂಸೇನೆ ಮುಟ್ಟಿತು. ಈ ಅಲ್ಪಕಾಲದಲ್ಲಿ ದೇಶದ ಬೊಜ್ಜೇನೂ ಕರಗಿಹೋಗಿರಲಿಲ್ಲ. ಹೀಗಿರುವಲ್ಲಿ ಕೊರತೆಯ ಭಾರವನ್ನೆಲ್ಲ ಬೊಜ್ಜಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈ ಚೇತರಿಕೆಗೆ ನೆರವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. 2022ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಕೆರೊಲಿನಾ ಸಂಸ್ಥಾನದ ಫೋರ್ಟ್ ಜಾಕ್ಸನ್ ಎಂಬ ಶಿಬಿರದಲ್ಲಿ ಭೂಸೇನೆಯು ಪೂರ್ವಸಿದ್ಧತೆಯ ಶಿಕ್ಷಣವೊಂದನ್ನು ಆರಂಭಿಸಿತು. ಕೊಬ್ಬಿನ ಮಿತಿಯನ್ನು ಸ್ವಲ್ಪವೇ ಮೀರಿದ ಅಭ್ಯರ್ಥಿಗಳನ್ನು ಹಿಂದಕ್ಕೆ ಕಳುಹಿಸುವ ಬದಲು, 90 ದಿನಗಳವರೆಗೆ ಇರಿಸಿಕೊಂಡು ಹಿತಮಿತವಾದ ಆಹಾರ, ನಿಯತವಾದ ವ್ಯಾಯಾಮ, ಸಾಕಷ್ಟು ನಿದ್ರೆಗಳ ಅಭ್ಯಾಸ ಮಾಡಿಸುವುದು ಇದರ ಕ್ರಮ. ಬರೆಹ ಲೆಕ್ಕಗಳಲ್ಲಿ ಹಿಂದುಳಿದವರಿಗೂ ಅಲ್ಲಿ ಬೇರೆ ಪಾಠಗಳುಂಟು. ಸಾವಿರಾರು ಮಂದಿ ಈ ದಾರಿಯಿಂದ ಸೇನೆಯನ್ನು ಪ್ರವೇಶಿಸಿದರು. ಅವರನ್ನು ಸೋಮಾರಿಗಳೆಂದು ಜರೆದು ಯಾರೂ ಗೆಲ್ಲಲಿಲ್ಲ, ಕಲಿಸಿ ಗೆದ್ದರು. ಆದರೆ ಮೂರು ತಿಂಗಳ ಶಿಬಿರವು ಅಂಚಿನಲ್ಲಿರುವವರನ್ನು ಮಾತ್ರ ಈಚೆಗೆ ಎಳೆಯಬಲ್ಲುದು. ಅಂಚಿನಿಂದ ಬಹುದೂರ ಸರಿದವರಿಗೆ ಅದು ಸಾಲದು.

ಇನ್ನೊಂದು ಆಕ್ಷೇಪವೂ ಉಂಟು. ಇಂದಿನ ಯುದ್ಧದಲ್ಲಿ ಗಣಕಯಂತ್ರದ ಮುಂದೆ ಕುಳಿತು, ಚಾಲಕನಿಲ್ಲದ ವಿಮಾನವನ್ನು ನಡೆಸುವವನಿಗೆ ತೆಳ್ಳನೆಯ ನಡುವಿನ ಅಗತ್ಯವೇನು ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಎಲ್ಲ ಹುದ್ದೆಗಳಿಗೂ ಒಂದೇ ಅಳತೆಪಟ್ಟಿ ಬೇಕೇ ಎಂಬುದು ವಿಚಾರಾರ್ಹವೇ. ಆದರೆ ಕುಳಿತು ಕೆಲಸ ಮಾಡುವವನಿಗೂ ಮಧುಮೇಹ, ರಕ್ತದೊತ್ತಡಗಳು ವಿನಾಯಿತಿ ಕೊಡುವುದಿಲ್ಲ. ವೈದ್ಯನು ಹತ್ತಿರವಿಲ್ಲದ ದೂರದ ಠಾಣೆಗೆ ಅಂಥವನನ್ನು ಕಳುಹಿಸುವುದು ಕಷ್ಟ. ಅವನ ಚಿಕಿತ್ಸೆಯ ಖರ್ಚೂ ಸೇನೆಯ ಮೇಲೆಯೇ ಬೀಳುತ್ತದೆ.

ಸೇನೆಯ ತಕ್ಕಡಿಯು ದೇಶದ ಆರೋಗ್ಯಕ್ಕೆ ಕನ್ನಡಿಯಾದುದು ಇದೇ ಮೊದಲಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕಾಗಿ ಇಂಗ್ಲೆಂಡಿನ ಕಾರ್ಖಾನೆಯ ಊರುಗಳಿಂದ ಜನರನ್ನು ಕರೆದಾಗ, ಮ್ಯಾಂಚೆಸ್ಟರ್ ನಗರದಲ್ಲಿ ಮುಂದೆ ಬಂದವರಲ್ಲಿ ಹೆಚ್ಚಿನ ಪಾಲಿನವರು ದೇಹಪರೀಕ್ಷೆಯಲ್ಲಿ ತಿರಸ್ಕೃತರಾದರು. ಆಗಿನ ದೋಷವು ಬೊಜ್ಜಲ್ಲ, ಬಡಕಲು ಮೈ. ಜನಾಂಗವೇ ಕ್ಷೀಣಿಸುತ್ತಿದೆಯೆಂದು ಕೂಗೆದ್ದಿತು. ಸರಕಾರವು ನೇಮಿಸಿದ ಸಮಿತಿಯು 1904ರಲ್ಲಿ ಕೊಟ್ಟ ವರದಿಯಲ್ಲಿ ಆ ಕೂಗನ್ನು ಒಪ್ಪದೆ, ಬಡತನ, ಇಕ್ಕಟ್ಟಾದ ಮನೆ, ಹಸಿದ ಹೊಟ್ಟೆ ಇವುಗಳ ಕಡೆಗೆ ಗಮನ ಸೆಳೆಯಿತು. ಫಲವಾಗಿ ಶಾಲೆಯಲ್ಲಿ ಬಡಮಕ್ಕಳಿಗೆ ಊಟ ಒದಗಿಸಲು 1906ರಲ್ಲಿಯೂ, ಮಕ್ಕಳ ವೈದ್ಯಪರೀಕ್ಷೆಗೆಂದು 1907ರಲ್ಲಿಯೂ ಕಾನೂನುಗಳು ಬಂದುವು.

ಅಮೇರಿಕೆಯ ಕಥೆಯೂ ಇದಕ್ಕೆ ಸಮೀಪವಾದುದೇ. ದ್ವಿತೀಯ ಮಹಾಯುದ್ಧದಲ್ಲಿ ಎಷ್ಟೋ ತರುಣರು ಪೋಷಣೆಯ ಕೊರತೆಯಿಂದ ಸೇನೆಗೆ ಅನರ್ಹರಾದರೆಂದು ಭರ್ತಿಯ ಮುಖ್ಯಾಧಿಕಾರಿ ಜನರಲ್ ಲೂಯಿಸ್ ಹರ್ಷಿಯವರು ಶಾಸನಸಭೆಯ ಮುಂದೆ ಸಾಕ್ಷ್ಯ ನುಡಿದರು. 1946ರಲ್ಲಿ ಅಧ್ಯಕ್ಷ ಟ್ರೂಮನ್ನರು ಸಹಿಹಾಕಿದ ಶಾಲಾ ಊಟದ ಕಾನೂನು, ಈ ಏರ್ಪಾಟು ರಾಷ್ಟ್ರದ ಭದ್ರತೆಗಾಗಿ ಎಂದು ಸ್ಪಷ್ಟವಾಗಿ ಸಾರುತ್ತದೆ. 1950ರ ದಶಕದಲ್ಲಿ ಮೈಬಾಗಿಸುವ, ಮೇಲೇಳುವ ಕೆಲವು ಸುಲಭ ಪರೀಕ್ಷೆಗಳನ್ನು ಮಕ್ಕಳಿಗೆ ಕೊಟ್ಟು ನೋಡಿದಾಗ, ಯುರೋಪಿನ ಮಕ್ಕಳಲ್ಲಿ ನೂರಕ್ಕೆ 9 ಮಂದಿ ಸೋತರೆ, ಅಮೇರಿಕೆಯ ಮಕ್ಕಳಲ್ಲಿ ನೂರಕ್ಕೆ 58 ಮಂದಿ ಸೋತರು. ಇದರಿಂದ ಎಚ್ಚೆತ್ತ ಅಧ್ಯಕ್ಷ ಐಸೆನ್‌ಹೋವರ್ ಅವರು 1956ರಲ್ಲಿ ತರುಣರ ದೇಹದಾರ್ಢ್ಯಕ್ಕಾಗಿ ಒಂದು ಮಂಡಲಿಯನ್ನೇ ರಚಿಸಿದರು. ಹಸಿವನ್ನು ನೀಗಲು ಹುಟ್ಟಿದ ಶಾಲೆಯ ಊಟದಲ್ಲಿ ಸಕ್ಕರೆ ಉಪ್ಪುಗಳನ್ನು ಮಿತಗೊಳಿಸಿ ಹಣ್ಣು ತರಕಾರಿಗಳನ್ನು ಹೆಚ್ಚಿಸಬೇಕೆಂಬ ಸುಧಾರಣೆಗೆ 2010ರ ಕಾನೂನು ದಾರಿ ಮಾಡಿತು. ಅದನ್ನು ಬೆಂಬಲಿಸಿದವರಲ್ಲಿ ಮೊದಲು ಹೇಳಿದ ನಿವೃತ್ತ ಸೇನಾಪತಿಗಳೂ ಇದ್ದರು.

ಈ ಇತಿಹಾಸದಿಂದ ಒಂದು ಸತ್ಯ ಹೊರಪಡುತ್ತದೆ. ಅಂದಿನ ಬಡಕಲು ಮೈಯೂ ಇಂದಿನ ಬೊಜ್ಜು ಮೈಯೂ ನೋಟಕ್ಕೆ ವಿರುದ್ಧವಾದರೂ ಮೂಲದಲ್ಲಿ ನೆಂಟರೇ. ಎರಡೂ ಹುಟ್ಟುವುದು ಬಾಲ್ಯದಲ್ಲಿ. ಬೆಳೆಯುವುದು ಮನೆ, ಬೀದಿ, ಶಾಲೆಗಳ ಪರಿಸರದಲ್ಲಿ. ಅಗ್ಗದ ಎಣ್ಣೆತಿಂಡಿ, ಸಕ್ಕರೆನೀರಿನ ಪಾನೀಯಗಳು ಮೂಲೆಮೂಲೆಗೂ ದೊರೆತು, ತಾಜಾ ತರಕಾರಿ ದುಬಾರಿಯಾದಾಗ, ಆಟದ ಬಯಲಿಲ್ಲದೆ ಮಕ್ಕಳು ಪರದೆಯ ಮುಂದೆಯೇ ಸಂಜೆ ಕಳೆಯುವಾಗ, ಬೊಜ್ಜು ಬೆಳೆದರೆ ಆಶ್ಚರ್ಯವೇನು? ಅಮೇರಿಕೆಯಲ್ಲಿ ಸೇನೆಗೆ ಹೆಚ್ಚು ಜನರನ್ನು ಕೊಡುವ ದಕ್ಷಿಣದ ಸಂಸ್ಥಾನಗಳಲ್ಲಿಯೇ ಬೊಜ್ಜೂ ಹೆಚ್ಚಾಗಿದೆ. ಅಲ್ಲಿಯ ಜನಕ್ಕೆ ದೇಶಪ್ರೇಮ ಕಡಿಮೆಯೆಂದು ಯಾರು ಹೇಳಬಲ್ಲರು? ಕೊರತೆಯಿರುವುದು ಮನಸ್ಸಿನಲ್ಲಲ್ಲ, ಮೈ ಬೆಳೆದ ಸನ್ನಿವೇಶದಲ್ಲಿ. ಬೊಜ್ಜನ್ನು ಚಾರಿತ್ರ್ಯದ ಕಳಂಕವೆಂದು ಎಣಿಸುವವರು, 1904ರ ಸಮಿತಿ ತಳ್ಳಿಹಾಕಿದ ತಪ್ಪನ್ನೇ ಮತ್ತೆ ಮಾಡುತ್ತಾರೆ.

ನಮ್ಮ ದೇಶದ ಸ್ಥಿತಿ ಬೇರೆ. ಇಲ್ಲಿ ಸೇನೆಗೆ ಸೇರಬಯಸುವವರು ಖಾಲಿ ಹುದ್ದೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೊಜ್ಜಿನಿಂದ ನಮ್ಮ ಸೇನೆ ಬರಿದಾದೀತೆಂದು ಇಂದು ಹೇಳುವುದು ಅತಿಶಯೋಕ್ತಿ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿದರೆ ನಿಶ್ಚಿಂತೆಯಿಂದಿರಲಾಗದು. ದೇಶದ ಸ್ತ್ರೀಯರಲ್ಲಿ ನೂರಕ್ಕೆ 24, ಪುರುಷರಲ್ಲಿ ನೂರಕ್ಕೆ 23 ಮಂದಿ ಅಧಿಕ ತೂಕದವರು ಅಥವಾ ಬೊಜ್ಜುಳ್ಳವರು. ನಗರದ ಸ್ತ್ರೀಯರಲ್ಲಂತೂ ಇದು ಮೂವರಲ್ಲಿ ಒಬ್ಬರ ಪ್ರಮಾಣ. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಗ್ಲೆಂಡು ನೂರು ವರ್ಷಗಳ ಹಿಂದೆ ಕಂಡ ಸಂಕಟವನ್ನೂ ಅಮೇರಿಕೆ ಇಂದು ಕಾಣುತ್ತಿರುವ ಸಂಕಟವನ್ನೂ ನಾವು ಒಮ್ಮೆಗೇ ಅನುಭವಿಸುತ್ತಿದ್ದೇವೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಇವೆರಡನ್ನೂ ಕಾಣಬಹುದು.

ನಗರದಲ್ಲಿ ವಾಸಿಸುವ ನಾವು ಇದರಿಂದ ಕಲಿಯತಕ್ಕುದೇನು? ತರಗತಿಯಲ್ಲಿ ದಪ್ಪನೆಯ ಗೆಳೆಯನೊಬ್ಬನಿದ್ದರೆ ಅವನಿಗೆ ಅಡ್ಡಹೆಸರಿಟ್ಟು ನಗುವುದು ಬಹಳ ಸುಲಭ. ಆ ನಗುವಿಗೆ ಹೆದರಿ ಅವನು ಆಟದ ಅವಧಿಯಲ್ಲಿ ಮೂಲೆ ಹಿಡಿದು ಕುಳಿತರೆ, ಅವನ ಮೈಗೂ ಮನಸ್ಸಿಗೂ ಕೇಡು ಮಾಡಿದವರು ನಾವೇ ಆಗುತ್ತೇವೆ. ಅವನನ್ನು ಕಬಡ್ಡಿಯ ತಂಡಕ್ಕೆ ಕರೆದುಕೊಳ್ಳುವುದು ಸಾವಿರ ಉಪದೇಶಗಳಿಗಿಂತ ಮೇಲು. ಪರೀಕ್ಷೆ ಸಮೀಪಿಸಿತೆಂದು ಆಟದ ಅವಧಿಯನ್ನು ಗಣಿತಕ್ಕೆ ಒಪ್ಪಿಸಿಬಿಡುವ ಹಿರಿಯರೂ ಈ ಮಾತನ್ನು ಯೋಚಿಸಬೇಕು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬ ಪದವೇ ಮುಖ್ಯವಾದುದು. ಊಟವನ್ನು ಬಲ್ಲವರಾಗಲು ಕಲಿಕೆ ಬೇಕು; ಆ ಕಲಿಕೆಗೆ ಮನೆಯಷ್ಟೇ ಶಾಲೆಯೂ ತಕ್ಕ ಸ್ಥಳ.

ಬೊಜ್ಜು ರಾಷ್ಟ್ರರಕ್ಷಣೆಗೆ ಅಪಾಯಕಾರಿಯೇ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅದು ಒಂದು ನಿಜವಾದ ಅಡ್ಡಿ. ಆದರೆ ಅನೇಕ ಅಡ್ಡಿಗಳಲ್ಲಿ ಒಂದು. ಭರ್ತಿಯ ಅಧಿಕಾರಿಯ ಮೇಜಿನ ಮುಂದೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹದಿನೆಂಟು ವರ್ಷಗಳು ಕಳೆದುಹೋಗಿರುತ್ತವೆ. ಮಕ್ಕಳಲ್ಲಿ ಸೈನಿಕರಾಗುವವರು ಕೆಲವರೇ. ಉಳಿದವರು ರೈತರೋ ದಾದಿಯರೋ ಗುಮಾಸ್ತರೋ ಅಧ್ಯಾಪಕರೋ ಆಗುತ್ತಾರೆ. ಅವರೆಲ್ಲರ ದೇಹಕ್ಕೂ ಅಷ್ಟೇ ಬೆಲೆಯುಂಟು. ಸೇನೆಗೆ ಬೇಕೆಂಬ ಕಾರಣಕ್ಕಾಗಿಯಾದರೂ ಎರಡು ದೇಶಗಳು ತಮ್ಮ ಮಕ್ಕಳ ಊಟದ ಕಡೆಗೆ ಕಣ್ಣು ಹಾಯಿಸಿದುವು. ಯುದ್ಧವು ಎಚ್ಚರಿಸುವವರೆಗೆ ಕಾಯದೆ, ಮಕ್ಕಳೆಂಬ ಕಾರಣಕ್ಕಾಗಿಯೇ ಆ ಕಡೆಗೆ ನೋಡುವ ದೇಶವು ಹೆಚ್ಚು ಸುರಕ್ಷಿತವಾಗಿರುತ್ತದೆ.