ತೊಡೆಯ ಮೇಲಿನ ಮಗು

1983ರಲ್ಲಿ ಮಾರುತಿ 800 ಬಂದಂದಿನಿಂದ ಪುಟ್ಟ ಕಾರು ಮಧ್ಯಮ ವರ್ಗದವರ ಮೆಚ್ಚಿನ ವಾಹನ. ಪೆಟ್ರೋಲು ಕಡಿಮೆ ಸಾಕು, ಇಕ್ಕಟ್ಟಿನಲ್ಲೂ ನುಸುಳುತ್ತದೆ. ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವ ಅಭ್ಯಾಸವಿದೆಯಲ್ಲ, ಅದು ಬಲು ಅಪಾಯಕಾರಿ. "ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಡಾಕ್ಟ್ರೇ" ಎನ್ನುವ ತಾಯಂದಿರೇ ಹೆಚ್ಚು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ತಟ್ಟನೆ ನಿಂತರೆ, 10 ಕಿಲೋ ತೂಕದ ಮಗುವನ್ನು ತಡೆಹಿಡಿಯಲು ಸುಮಾರು 200 ಕಿಲೋ ಎತ್ತುವಷ್ಟು ಬಲ ಬೇಕು! ಏರ್‌ಬ್ಯಾಗ್ ಇದ್ದರಂತೂ ಅದು ಉಬ್ಬುವ ರಭಸವೇ ಕೂಸಿನ ಕತ್ತಿಗೆ ಕುತ್ತು. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಬಿಗಿಯಲೂಬೇಡಿ. ನಿಮ್ಮ ಮೈಭಾರವೇ ಮಗುವನ್ನು ಜಜ್ಜೀತು. ಹಿಂದಿನ ಸೀಟಿನಲ್ಲಿ, ತೂಕ ಮತ್ತು ಎತ್ತರಕ್ಕೆ ತಕ್ಕ ಮಕ್ಕಳ ಆಸನದಲ್ಲಿ ಕೂರಿಸಿ. ಎಳೆಗೂಸಾದರೆ ಮುಖ ಕಾರಿನ ಹಿಂಬದಿಗಿರಲಿ. 2019ರ ಕಾಯ್ದೆ ತಿದ್ದುಪಡಿಯ ಪ್ರಕಾರ ಇದಕ್ಕೆ ತಪ್ಪಿದರೆ ಸಾವಿರ ರೂಪಾಯಿ ದಂಡವೂ ಉಂಟು. ಮಗು ಮೊದಲೆರಡು ದಿನ ಅತ್ತೀತು, ಆಮೇಲೆ ಒಗ್ಗಿಕೊಳ್ಳುತ್ತದೆ.