ಕಿಟಕಿಯಾಚೆಯ ಮರ, ವಾರಕ್ಕೆರಡು ಗಂಟೆ

ಮನಸ್ಸು ದಣಿದಾಗ ಹಸಿರಿನ ನಡುವೆ ಅಡ್ಡಾಡಿ ಬಂದರೆ ಹಗುರವಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಅನುಭವವನ್ನು ಅಳೆಯಲು ಸಾಧ್ಯವೇ? ಎಷ್ಟು ಹೊತ್ತು ಅಡ್ಡಾಡಬೇಕು? ಹಸಿರಿನಿಂದ ಆರೋಗ್ಯ ಬರುತ್ತದೆಯೋ ಅಥವಾ ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆಯೋ? ನಾಲ್ಕು ದಶಕಗಳಿಂದ ವಿಜ್ಞಾನಿಗಳು ಈ ಪ್ರಶ್ನೆಗಳ ಬೆನ್ನು ಹತ್ತಿದ್ದಾರೆ. ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಸಮಾಜ ಮನೋವಿಜ್ಞಾನಿ ಮ್ಯಾಥ್ಯೂ ವೈಟ್ ಅವರಲ್ಲೊಬ್ಬರು.

ನಂಬಿಕೆಯೇನೋ ಹಳೆಯದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರಲ್ಲಿ ಒಬ್ಬರಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್, 1865ರಲ್ಲಿ ಯೊಸೆಮಿಟಿ ಕಣಿವೆಯ ಬಗ್ಗೆ ಬರೆದ ವರದಿಯಲ್ಲಿ ನಿಸರ್ಗದ ನೋಟ ದೇಹಕ್ಕೂ ಬುದ್ಧಿಗೂ ಒಳ್ಳೆಯದೆಂದು ವಾದಿಸಿದ್ದರು. ಅಂಥ ತಾಣಗಳು ಸಿರಿವಂತರ ಸೊತ್ತಾಗದಂತೆ ಸರ್ಕಾರ ನೋಡಿಕೊಳ್ಳಬೇಕು ಎಂದೂ ಹೇಳಿದ್ದರು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್ ಯೋಕು’, ಅಂದರೆ ಅರಣ್ಯಸ್ನಾನ ಎಂಬ ಹೆಸರಿನಲ್ಲಿ ಜನರನ್ನು ಕಾಡಿನತ್ತ ಕರೆಯಿತು. ಆದರೆ ನಂಬಿಕೆ ಬೇರೆ, ಪುರಾವೆ ಬೇರೆ.

ಆಸ್ಪತ್ರೆಯ ಕಡತಗಳಲ್ಲಿ

ಪುರಾವೆಯ ಮೊದಲ ದೊಡ್ಡ ಹೆಜ್ಜೆ ಮೂಡಿದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ. ಅಲ್ಲಿ ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವುಗಳಿಂದ ಕಾಣುತ್ತಿದ್ದುದು ಕಂದು ಇಟ್ಟಿಗೆಯ ಗೋಡೆ ಮಾತ್ರ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1972ರಿಂದ 1981ರವರೆಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ಕಡತಗಳನ್ನು ಹುಡುಕಿ ತೆಗೆದರು. ವಯಸ್ಸು, ಲಿಂಗ, ಧೂಮಪಾನದ ಅಭ್ಯಾಸ ಮುಂತಾದವನ್ನು ಹೊಂದಿಸಿ 46 ರೋಗಿಗಳನ್ನು 23 ಜೋಡಿಗಳನ್ನಾಗಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಮರ, ಇನ್ನೊಬ್ಬರಿಗೆ ಗೋಡೆ. ಮರಗಳಲ್ಲಿ ಎಲೆಗಳಿರುವ ತಿಂಗಳುಗಳ ಕಡತಗಳನ್ನು ಮಾತ್ರ ಆರಿಸಿಕೊಂಡರು.

1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮರ ನೋಡುತ್ತಿದ್ದವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು, ಗೋಡೆ ನೋಡುತ್ತಿದ್ದವರು 8.70 ದಿನಗಳಲ್ಲಿ. ಮೊದಲಿನವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಸಾಕಾದವು. ಅಧ್ಯಯನ ಸಣ್ಣದು, ಆಸ್ಪತ್ರೆ ಒಂದೇ. ಆದರೂ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸುವಂತೆ ಅದು ಮಾಡಿತು.

ಇದಕ್ಕೆ ಕಾರಣವೇನು? ನಿಸರ್ಗದ ನೋಟ ಉದ್ವೇಗವನ್ನು ಇಳಿಸುತ್ತದೆ ಎಂಬುದು ಉಲ್ರಿಚ್ ಅವರ ವಾದ. ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಯ ವಿವರಣೆ ಬೇರೆ. ಲೆಕ್ಕ ಬರೆಯುವಾಗ, ವಾಹನ ದಟ್ಟಣೆಯ ರಸ್ತೆ ದಾಟುವಾಗ ನಾವು ಗಮನವನ್ನು ಬಲವಂತವಾಗಿ ಹಿಡಿದಿಡುತ್ತೇವೆ, ಅದು ದಣಿಯುತ್ತದೆ. ಅಲುಗುವ ಎಲೆ, ತೇಲುವ ಮೋಡ ಗಮನವನ್ನು ತಾವಾಗಿಯೇ ಸೆಳೆಯುತ್ತವೆ. ದಣಿದ ಶಕ್ತಿಗೆ ಆಗ ಬಿಡುವು ಸಿಗುತ್ತದೆ.

120 ನಿಮಿಷದ ಲೆಕ್ಕ

ವೈಟ್ ಮತ್ತು ಸಂಗಡಿಗರು ಕೇಳಿದ್ದು ‘ಎಷ್ಟು?’ ಎಂಬ ಪ್ರಶ್ನೆ. ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಸಮೀಕ್ಷೆಯನ್ನು ಆಧರಿಸಿದ ಅವರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವಾರಕ್ಕೆ ಕನಿಷ್ಠ 120 ನಿಮಿಷ ಉದ್ಯಾನ, ಕಾಡು, ಕಡಲತೀರಗಳಲ್ಲಿ ಕಳೆದವರಲ್ಲಿ, ಏನೂ ಹೋಗದವರಿಗಿಂತ ಹೆಚ್ಚು ಮಂದಿ ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕು ತೃಪ್ತಿಕರವಾಗಿದೆ ಎಂದರು. ಎರಡು ಗಂಟೆಗಿಂತ ಕಡಿಮೆ ಕಳೆದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 200ರಿಂದ 300 ನಿಮಿಷ ದಾಟಿದ ಮೇಲೆ ಲಾಭ ಬೆಳೆಯಲೂ ಇಲ್ಲ. ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಸರಿ, ಹಂಚಿಕೊಂಡರೂ ಸರಿ. ದೀರ್ಘಕಾಲದ ಕಾಯಿಲೆ ಇದ್ದವರಲ್ಲೂ ಇದೇ ಚಿತ್ರ ಕಂಡಿತು.

ಹಾಗೆಂದು ಇದನ್ನು ಔಷಧದ ಚೀಟಿಯಂತೆ ಓದಬಾರದು. ಜನರೇ ಹೇಳಿದ ಲೆಕ್ಕವಿದು. ಮನೆಯ ಕೈತೋಟದಲ್ಲಿ ಕಳೆದ ಹೊತ್ತು ಇದರಲ್ಲಿ ಸೇರಿಲ್ಲ. ಇಂಗ್ಲೆಂಡಿನ ಗಡಿಯಾರವನ್ನು ಬೆಂಗಳೂರಿಗೆ ಹಾಗೆಯೇ ತಂದು ತೂಗುಹಾಕಲೂ ಆಗದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಸಲ ಕೇಳಿದ ಸಮೀಕ್ಷೆಯಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲಾಗದು.

ಈ ತೊಡಕಿಗೆ ವೈಟ್ ಬಳಗದ 2013ರ ಇನ್ನೊಂದು ಅಧ್ಯಯನ ಸ್ವಲ್ಪ ಉತ್ತರ ಕೊಡುತ್ತದೆ. 1991ರಿಂದ 2008ರವರೆಗೆ ಬ್ರಿಟನ್ನಿನ 10 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷ ವರ್ಷವೂ ಮಾತನಾಡಿಸಿದ ಮಾಹಿತಿ ಅಲ್ಲಿತ್ತು. ಇಲ್ಲಿ ಹೋಲಿಕೆ ಒಬ್ಬರಿಗೂ ಇನ್ನೊಬ್ಬರಿಗೂ ಅಲ್ಲ, ಅದೇ ವ್ಯಕ್ತಿಯ ಒಂದು ಕಾಲಕ್ಕೂ ಇನ್ನೊಂದು ಕಾಲಕ್ಕೂ. ನಗರದಲ್ಲೇ ಹೆಚ್ಚು ಹಸಿರಿದ್ದ ಕಡೆ ವಾಸವಿದ್ದಾಗ ಜನರ ಮಾನಸಿಕ ಬಳಲಿಕೆ ಕಡಿಮೆಯಿತ್ತು, ತೃಪ್ತಿ ಹೆಚ್ಚಿತ್ತು. ಆದಾಯ, ಉದ್ಯೋಗ, ವಿವಾಹಗಳ ಪ್ರಭಾವವನ್ನು ಕಳೆದ ಮೇಲೂ ಈ ವ್ಯತ್ಯಾಸ ಉಳಿಯಿತು.

ಒಬ್ಬೊಬ್ಬರಿಗೆ ಸಿಗುವ ಲಾಭ ಚಿಕ್ಕದೇ. ಆದರೆ ಒಂದು ಉದ್ಯಾನ ಒಬ್ಬರಿಗಾಗಿ ಇರುವುದಿಲ್ಲ. ಸಾವಿರಾರು ಜನರ ಚಿಕ್ಕ ಲಾಭಗಳನ್ನು ಕೂಡಿಸಿದಾಗ ಅದರ ಮೊತ್ತ ದೊಡ್ಡದಾಗುತ್ತದೆ. ವಾರಕ್ಕೆರಡು ಗಂಟೆ ಬಿಡುವು ಮಾಡಿಕೊಳ್ಳಿ ಎಂದು ಜನರಿಗೆ ಹೇಳುವುದು ಸುಲಭ. ನಡೆದು ಹೋಗುವಷ್ಟು ದೂರದಲ್ಲಿ ನೆರಳು ಇಲ್ಲದಿದ್ದರೆ ಆ ಸಲಹೆ ಯಾರಿಗೆ? ಓಮ್‌ಸ್ಟೆಡ್ ಅಂದು ಎತ್ತಿದ ಪ್ರಶ್ನೆಗೆ ಈಗ ಅಂಕಿಅಂಶಗಳ ಬಲವೂ ಬಂದಿದೆ. ಉತ್ತರಿಸಬೇಕಾದವರು ವಿಜ್ಞಾನಿಗಳಲ್ಲ, ನಗರ ಕಟ್ಟುವವರು.