ಹಳೇ ಸಾಲ ನೀವು ಮರೆತರೂ ಬ್ಯಾಂಕ್ ಮರೆಯದು!

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಶಿಕ್ಷಣ ಸಾಲಕ್ಕೆಂದು ಅಪ್ಪ, ಅಮ್ಮ ಇಬ್ಬರೂ ಬ್ಯಾಂಕಿಗೆ ಹೋಗಿದ್ದಾರೆ. ಕಂಪ್ಯೂಟರ್ ನೋಡುತ್ತಿದ್ದ ಅಧಿಕಾರಿ, 'ಮೇಡಂ, ನಿಮ್ಮ ಹೆಸರಲ್ಲಿ ಒಂದು ಸಾಲದ ಕೇಸಿದೆಯಲ್ಲ?' ಎಂದಾಗ ಅಮ್ಮನಿಗೆ ದಿಗಿಲು. 'ಅಯ್ಯೋ, ನಾನು ಸಾಲಾನೇ ಮಾಡಿಲ್ಲ ಸಾರ್!' ಆಮೇಲೆ ನೆನಪಾಗುತ್ತದೆ. ಆರು ವರ್ಷದ ಹಿಂದೆ ಅಂಗಡಿ ಇಡುವಾಗ ಮೈದುನ, 'ಅತ್ತಿಗೆ, ಇಲ್ಲೊಂದು ಸೈನ್ ಹಾಕಿ' ಅಂದಿದ್ದ. ಅದು ಜಾಮೀನಿನ ಸಹಿ!

ಇಂಥ ಪರಿಸ್ಥಿತಿ ಯಾರ ಮನೆಯಲ್ಲೂ ಬರಬಹುದು. ಸಾಲ ತೆಗೆದುಕೊಂಡವರು ಕಟ್ಟದಿದ್ದರೆ ಜಾಮೀನುದಾರರ ಹೊಣೆಯೂ ಅಷ್ಟೇ ಎನ್ನುತ್ತದೆ 1872ರ ಕರಾರು ಕಾಯ್ದೆ. ಆ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ.

ಏನಿದು ಕ್ರೆಡಿಟ್ ವರದಿ?

ನಾವು ಸಾಮಾನ್ಯವಾಗಿ 'ಸಿಬಿಲ್' ಅನ್ನುತ್ತೇವೆ. ಆದರೆ ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ಇದೇ ಕೆಲಸ ಮಾಡುತ್ತವೆ. ನಿಮ್ಮ ಸಾಲ, ಕಂತು, ಕ್ರೆಡಿಟ್ ಕಾರ್ಡ್ ಲೆಕ್ಕವನ್ನೆಲ್ಲ ಬ್ಯಾಂಕುಗಳು ಇವಕ್ಕೆ ಕಳಿಸುತ್ತವೆ. ಸಿಬಿಲ್ ಅದನ್ನು ನೋಡಿ 300ರಿಂದ 900ರೊಳಗೆ ಅಂಕ ಕೊಡುತ್ತದೆ.

ಎಲ್ಲ ಕೇಸೂ ಬರುತ್ತದೆಯೇ?

ಇಲ್ಲ. ವರದಿಗೆ ಮಾಹಿತಿ ಹೋಗುವುದು ಬ್ಯಾಂಕ್, ಫೈನಾನ್ಸ್ ಕಂಪನಿಗಳಿಂದಲೇ ಹೊರತು ಕೋರ್ಟಿನಿಂದಲ್ಲ. ಸೈಟಿನ ತಕರಾರು, ಬಾಡಿಗೆದಾರರ ಜೊತೆಗಿನ ವ್ಯಾಜ್ಯ, ಪಕ್ಕದ ಮನೆಯವರ ಕೈಸಾಲದ ಕೇಸು ಇದರಲ್ಲಿ ಬರುವುದಿಲ್ಲ. ಆದರೆ ಬಾಕಿ ವಸೂಲಿಗೆ ಬ್ಯಾಂಕೇ ದಾವೆ ಹೂಡಿದರೆ ಆ ಸಾಲದ ಮುಂದೆ 'ಸೂಟ್ ಫೈಲ್ಡ್' ಎಂಬ ಗುರುತು ಬೀಳುತ್ತದೆ. ಅದನ್ನು ಕಂಡ ಬೇರೆ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ.

'ಮೂರು ವರ್ಷ ಆಯ್ತಲ್ಲ, ಬಿಡಿ!'

ಹೀಗೆ ಹೇಳುವವರು ಬಹಳ ಮಂದಿ. ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು ಎಂದು 1963ರ ಕಾಲಮಿತಿ ಕಾಯ್ದೆ ಹೇಳುವುದು ನಿಜ. ಆದರೆ ಅವಧಿ ಮುಗಿಯುವ ಮೊದಲೇ ನೀವು ಸಾಲ ಒಪ್ಪಿ ಪತ್ರಕ್ಕೆ ಸಹಿ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಸ್ವಲ್ಪ ಹಣ ಕಟ್ಟಿ ಅದಕ್ಕೆ ನಿಮ್ಮ ಸಹಿಯ ದಾಖಲೆ ಇದ್ದರೂ ಅಷ್ಟೇ. ಕೋರ್ಟು ಡಿಕ್ರಿ ಕೊಟ್ಟರಂತೂ ಅದನ್ನು ಜಾರಿ ಮಾಡಿಸಲು 12 ವರ್ಷ ಅವಕಾಶವಿದೆ.

ಇನ್ನೊಂದು ಮಾತು. ಕಾಲಮಿತಿ ಮುಗಿದರೆ ದಾವೆಯ ದಾರಿ ಮುಚ್ಚಬಹುದು, ವರದಿಯಲ್ಲಿನ ಕಲೆ ಅಳಿಸುವುದಿಲ್ಲ. ಈ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ.

ಸೆಟಲ್‌ಮೆಂಟ್ ಬೇರೆ, ಕ್ಲೋಸ್ ಬೇರೆ

'ಒಂದು ಲಕ್ಷದ ಬದಲು 60 ಸಾವಿರ ಕಟ್ಟಿ, ಮುಗಿಸಿಬಿಡೋಣ' ಎಂದು ಬ್ಯಾಂಕಿನವರು ಫೋನ್ ಮಾಡಿದರೆ ಖುಷಿಯಾಗುವುದು ಸಹಜ. ಆದರೆ ಆಗ ವರದಿಯಲ್ಲಿ ಬರುವುದು 'ಸೆಟಲ್ಡ್' ಎಂದು, 'ಕ್ಲೋಸ್ಡ್' ಎಂದಲ್ಲ. ಪೂರ್ತಿ ಕಟ್ಟಲಿಲ್ಲ ಎಂದೇ ಅದರರ್ಥ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೇಸು ಮುಗಿಯುತ್ತದೆ, ಕೋರ್ಟ್ ಶುಲ್ಕವೂ ವಾಪಸಾಗುತ್ತದೆ. ಆದರೂ ಕಡಿಮೆ ಕಟ್ಟಿದ್ದರೆ ಗುರುತು ಉಳಿಯಬಹುದು. 'ರಿಟನ್ ಆಫ್' ಎಂದಿದ್ದರೆ ಸಾಲ ಮನ್ನಾ ಆಯಿತೆಂದು ತಿಳಿಯಬೇಡಿ. ಅದು ಬ್ಯಾಂಕಿನ ಲೆಕ್ಕದ ಪುಸ್ತಕದ ಮಾತು, ಬಾಕಿ ಬಾಕಿಯೇ. ಕೈಯಲ್ಲಿ ಸಾಧ್ಯವಿದ್ದರೆ ಪೂರ್ತಿ ಕಟ್ಟುವುದೇ ಲೇಸು.

ಗಂಡ ತೀರಿಕೊಂಡರೆ?

ಕೇಳುವುದಕ್ಕೇ ಕಷ್ಟ, ಆದರೂ ತಿಳಿದಿರಬೇಕು. ಗಂಡನ ಕ್ರೆಡಿಟ್ ಕಾರ್ಡ್ ಅಥವಾ ಪರ್ಸನಲ್ ಲೋನ್‌ಗೆ ನೀವು ಸಹ ಅರ್ಜಿದಾರರೂ ಅಲ್ಲ, ಜಾಮೀನುದಾರರೂ ಅಲ್ಲ ಎಂದಾದರೆ, ಅವರಿಂದ ನಿಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ವಸೂಲಿ ಸಾಧ್ಯ. ನಿಮ್ಮ ಸ್ವಂತ ಸಂಪಾದನೆಯಿಂದ, ತವರಿನ ಒಡವೆಯಿಂದ ಕೊಡಬೇಕಿಲ್ಲ. ಯಾರಾದರೂ ಹೆದರಿಸಿದರೆ ಹೆದರಬೇಡಿ, ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡಿ.

ನೀವೇನು ಮಾಡಬಹುದು?

* ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಅವುಗಳ ವೆಬ್‌ಸೈಟಿನಲ್ಲೇ ತರಿಸಿ ನೋಡಿ. ಬರದಿದ್ದರೆ ಮಕ್ಕಳ ಸಹಾಯ ಪಡೆಯಿರಿ.

* ಸಾಲ ತೀರಿಸಿದ ಕೂಡಲೇ 'ನೋ ಡ್ಯೂಸ್' ಪತ್ರ ಕೇಳಿ ಪಡೆದು, ಮನೆಪತ್ರದ ಜೊತೆ ಜೋಪಾನವಾಗಿಡಿ.

* ಕೇಸು ರಾಜಿಯಾಗಿದ್ದರೆ ಆದೇಶದ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು, 'ಸೂಟ್ ಫೈಲ್ಡ್' ಗುರುತು ತೆಗೆಸಲು ಲಿಖಿತವಾಗಿ ಕೇಳಿ. ತಾನಾಗಿಯೇ ಹೋಗುತ್ತದೆಂದು ಸುಮ್ಮನಿರಬೇಡಿ.

* ತಪ್ಪು ಮಾಹಿತಿ ಇದ್ದರೆ ದೂರು ಕೊಡಿ, ಶುಲ್ಕವಿಲ್ಲ. 30 ದಿನದೊಳಗೆ ಪರಿಹಾರ ಸಿಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಧನ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಅಲ್ಲಿಗೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ.

* ಜಾಮೀನು ಹಾಕುವ ಮುನ್ನ, 'ಅವರು ಕಟ್ಟದಿದ್ದರೆ ನಾನು ಕಟ್ಟಬಲ್ಲೆನೇ?' ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಬಳೆ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ನಾವು ಲಕ್ಷದ ಕಾಗದಕ್ಕೆ ಓದದೇ ಸಹಿ ಹಾಕುವುದು ಯಾವ ನ್ಯಾಯ? ಸಂಬಂಧ ದೊಡ್ಡದೇ, ಆದರೆ ಸಹಿಯೂ ಚಿಕ್ಕದಲ್ಲ!